ವಾಲ್ವಿನೊಳಗಿನ ಬಿಳಿಯ ಹೊದಿಕೆ

ರೇಡಿಯೋದ ಗುಂಡಿಯನ್ನು ತಿರುಗಿಸಿ, ದನಿ ಹೊರಡುವ ತನಕ ಸುಮಾರು ಅರ್ಧ ನಿಮಿಷ ಕಾದು ಕುಳಿತ ನೆನಪು ನಿಮ್ಮಲ್ಲಿ ಹಲವರಿಗೆ ಇನ್ನೂ ಇರಬೇಕು. ಮೊದಲು ಮುಂಭಾಗದ ಗಾಜಿನ ಪಟ್ಟಿಯ ಹಿಂದೆ ದೀಪ ಹೊತ್ತಿಕೊಳ್ಳುತ್ತಿತ್ತು. ಬಳಿಕ ಮೂಲೆಯಲ್ಲಿದ್ದ ಹಸಿರು ಕಣ್ಣು ನಿದ್ದೆಯಿಂದೆದ್ದಂತೆ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು. ಕೊನೆಗೆ, ದೂರದ ಓಣಿಯಿಂದ ಮಾತನಾಡುತ್ತ ನಡೆದುಬರುವವರ ಹಾಗೆ, ದನಿ ಕ್ರಮಕ್ರಮವಾಗಿ ಹತ್ತಿರವಾಗುತ್ತಿತ್ತು. ಹುಡುಗರಾಗಿದ್ದ ನಮಗೆ ಈ ವಿಳಂಬ ಸಹನೆಯಾಗುತ್ತಿರಲಿಲ್ಲ. ಏಕೆ ತಡವೆಂದು ಕೇಳಿದರೆ ಮನೆಯ ಹಿರಿಯರು ಕೊಡುತ್ತಿದ್ದ ಉತ್ತರ ಒಂದೇ: “ಕಾಯಬೇಕು ಕಣೋ.” ಕಾಯಬೇಕಾದದ್ದು ರೇಡಿಯೋವೋ ನಾವೋ ಎಂಬುದು ಆ ಮಾತಿನಲ್ಲಿ ಸ್ಪಷ್ಟವಾಗುತ್ತಿರಲಿಲ್ಲ. ಎರಡೂ ನಿಜವೇ ಆಗಿತ್ತೆಂದು ಈಗ ತೋರುತ್ತದೆ.

ರೇಡಿಯೋದೊಳಗೆ ಕಾಯುತ್ತಿದ್ದುದು ಏನು? ಪ್ರತಿಯೊಂದು ವಾಲ್ವಿನ ನಡುವೆ ನಿಕಲ್ ಲೋಹದ ಒಂದು ಸಣ್ಣ ಕೊಳವೆಯಿರುತ್ತದೆ. ಅದರ ದಪ್ಪ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು, ಇಲ್ಲವೇ ಅದಕ್ಕೂ ಕಡಮೆ. ಅದರ ಹೆಸರು ಕ್ಯಾಥೋಡ್. ಅದರ ಒಳಗೆ ಕೂದಲಿನಂಥ ಟಂಗ್‌ಸ್ಟನ್ ತಂತಿಯೊಂದನ್ನು ಮಡಿಸಿ ತೂರಿಸಿರುತ್ತಾರೆ. ಅದು ಹೀಟರ್. ಹೀಟರು ಕೆಂಪಗೆ ಕಾದು ಕೊಳವೆಯನ್ನು ಕಾಯಿಸಬೇಕು. ಕೊಳವೆ ಸುಮಾರು 800 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಾಗ ಅದರ ಮೈಗೆ ಬಳಿದ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳಿಂದ ಎಲೆಕ್ಟ್ರಾನುಗಳು ಹೊಮ್ಮಬೇಕು. ಇಷ್ಟೆಲ್ಲ ಆಗುವಾಗ ಒಳಗಿನ ತಂತಿಯೂ ಹೊರಗಿನ ಕೊಳವೆಯೂ ಒಂದನ್ನೊಂದು ಮುಟ್ಟಬಾರದು. ತಂತಿಯ ಬಿಸಿ ಕೊಳವೆಗೆ ಹೋಗಬೇಕು, ತಂತಿಯ ವಿದ್ಯುತ್ತು ಮಾತ್ರ ಹೋಗಕೂಡದು. ಈ ಎರಡರ ನಡುವೆ ನಿಂತು, ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುತ್ತಿದ್ದದ್ದು ತಂತಿಯ ಮೈಮೇಲಿನ ಬಿಳಿಯ ಹೊದಿಕೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸು. ಈ ಲೇಖನ ಆ ಹೊದಿಕೆಯನ್ನೂ ಅದರ ಹಿಂದಿನವರನ್ನೂ ಕುರಿತದ್ದು.

ನನಗೆ ಈ ಹೊದಿಕೆಯ ಪರಿಚಯವಾದದ್ದು ಪುಸ್ತಕದಿಂದಲ್ಲ. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ನಡೆಯುತ್ತಿದ್ದಾಗ ನಮ್ಮ ಚಿಕ್ಕಪ್ಪ ಸೇನೆಯಲ್ಲಿದ್ದರು, ಪಂಜಾಬಿನ ಕಡೆ. ಮನೆಯ ರೇಡಿಯೋ ಅದೇ ತಿಂಗಳು ಗುಂಯ್‌ಗುಡತೊಡಗಿತು. ವಾರ್ತೆ ಶುರುವಾದೊಡನೆ ಆ ಸದ್ದೂ ಅದರ ಜತೆಗೇ ಏರುತ್ತಿತ್ತು. ಊರುಗಳ ಹೆಸರು ಬರುವಲ್ಲಿ, ಅಂದರೆ ನಾವು ಕಿವಿ ನಿಮಿರಿಸುವಲ್ಲೇ, ಅಕ್ಷರಗಳು ಕರಗಿಹೋಗುತ್ತಿದ್ದವು. ಅಜ್ಜಿ ಪ್ರತಿ ಸಲವೂ “ಏನಂದರು? ಯಾವ ಊರಂದರು?” ಎಂದು ಕೇಳುವರು. ನಮ್ಮ ತಂದೆಗೆ ಹೇಳಲು ಉತ್ತರವಿರಲಿಲ್ಲ. ಪೇಟೆಯ ಒಬ್ಬ ರಿಪೇರಿಯವನು ಫಿಲ್ಟರ್ ಕಂಡೆನ್ಸರ್ ಹೋಗಿದೆಯೆಂದು ಹೊಸದು ಹಾಕಿದ, ಸದ್ದು ಹೋಗಲಿಲ್ಲ. ಅದೂ ಸರಿಯಿಲ್ಲವೆಂದು ಮತ್ತೊಂದನ್ನು ಹಾಕಿ ಮತ್ತೊಮ್ಮೆ ಹಣ ತೆಗೆದುಕೊಂಡ. ಆ ತಿಂಗಳು ಹಾಲಿನವನಿಗೆ ಬಾಕಿ ನಿಂತಿತು.

ಕೊನೆಗೆ ಬಂದವರು ದೇವಸ್ಥಾನದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ಒಬ್ಬ ಮುದುಕರು. ರೇಡಿಯೋ ರಿಪೇರಿ ಅವರ ಇನ್ನೊಂದು ಕಸುಬು. ಅವರು ಪೆಟ್ಟಿಗೆಯನ್ನು ಬಿಚ್ಚಲೇ ಇಲ್ಲ. ಕಣ್ಣು ಮುಚ್ಚಿ ಒಂದು ನಿಮಿಷ ಆ ಗುಂಯ್‌ಗಾಟವನ್ನು ಕೇಳಿ, ತಮ್ಮಷ್ಟಕ್ಕೆ ತಾವೇ ಮೆಲ್ಲಗೆ ಷಡ್ಜ ಹಿಡಿದು, “ಇದು ಕೆಳಗಿನ ಸ್ಥಾಯಿಯದು. ಕಂಡೆನ್ಸರಿನ ಸದ್ದು ಇದಕ್ಕೆ ಒಂದು ಸ್ಥಾಯಿ ಮೇಲೆ. ಯಾವುದೋ ವಾಲ್ವಿನ ಒಳಗೆ ಮೈ ಸುಲಿದಿದೆ” ಎಂದರು. ಅನಂತರ ಹಿಂಬದಿಯ ಹಲಗೆ ತೆಗೆದು ಒಂದೊಂದಾಗಿ ವಾಲ್ವುಗಳನ್ನು ಬದಲಾಯಿಸಿ ನೋಡಿದರು. ಮೂರನೆಯದಕ್ಕೆ ಸದ್ದು ನಿಂತಿತು. ಯುದ್ಧವೂ ಅದೇ ತಿಂಗಳ 23ರಂದು ನಿಂತಿತು. ಚಿಕ್ಕಪ್ಪ ಕ್ಷೇಮವಾಗಿ ಮರಳಿದರು. ಆದರೆ ಆ ಮುದುಕರ ಮಾತು ನನ್ನ ತಲೆಯಲ್ಲಿ ಉಳಿಯಿತು. ಅವರು ಹೇಳಿದ್ದು ಶಾಸ್ತ್ರಶುದ್ಧವಾಗಿತ್ತೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುತ್ತದೆ. ಹೀಟರಿನಿಂದ ಕ್ಯಾಥೋಡಿಗೆ ಸೋರುವ ವಿದ್ಯುತ್ತು ಅದೇ 50ರ ಸ್ವರವನ್ನು ಕೊಡುತ್ತದೆ. ಫಿಲ್ಟರ್ ಕಂಡೆನ್ಸರು ಸೋತಾಗ ಕೇಳುವುದು, ಅಲೆಯ ಎರಡು ಅರ್ಧಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿದ್ದರ ಫಲವಾದ 100ರ ಸ್ವರ. ಇಮ್ಮಡಿ ಎಂದರೆ ಸಂಗೀತದಲ್ಲಿ ಸರಿಯಾಗಿ ಒಂದು ಸ್ಥಾಯಿ. ಎರಡು ಸಲ ಹಣ ಪಡೆದವನಿಗೆ ಮೀಟರಿತ್ತು, ಕಿವಿಯಿರಲಿಲ್ಲ.

“ಮೈ ಸುಲಿದಿದೆ” ಎಂದರಲ್ಲ, ಲೋಹಕ್ಕೆ ಹೀಗೆ ಮೈ ತೊಡಿಸುವ ಕೆಲಸ ಎಂದಿನಿಂದ ಬಂತು ನೋಡೋಣ.

ವಿದ್ಯುತ್ತಿನ ಚರಿತ್ರೆಯನ್ನು ಬರೆಯುವವರು ವಾಹಕಗಳನ್ನು ಹೊಗಳುವುದುಂಟು; ವಿದ್ಯುತ್ತನ್ನು ತಡೆಯುವ ಅವಾಹಕಗಳನ್ನು ಹೊಗಳುವವರು ಕಡಮೆ. ಆದರೆ ಮೊದಲನೆಯ ವಿದ್ಯುತ್ಕಾಂತವನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಎಂಬಾತ ಚಪ್ಪಲಿ ಹೊಲಿಯುವ ಕಸುಬು ಕಲಿತು, ಸೈನಿಕನಾಗಿ, ಬಳಿಕ ತಾನಾಗಿ ವಿಜ್ಞಾನವನ್ನು ಕಲಿತವನು. 1825ರಲ್ಲಿ ಆತ ಕುದುರೆಲಾಳದಂತೆ ಬಗ್ಗಿಸಿದ ಕಬ್ಬಿಣದ ತುಂಡಿಗೆ ತಾಮ್ರದ ತಂತಿಯನ್ನು ಸುತ್ತಿ, ಅದರಲ್ಲಿ ವಿದ್ಯುತ್ತನ್ನು ಹರಿಸಿ ಕಾಂತವನ್ನು ಮಾಡಿ ತೋರಿಸಿದ. ತಂತಿ ಬರಿಯ ತಂತಿ, ಅದಕ್ಕೆ ಹೊದಿಕೆಯಿಲ್ಲ. ವಾರ್ನಿಷನ್ನು ಬಳಿದದ್ದು ಕಬ್ಬಿಣಕ್ಕೆ! ತಂತಿಯ ಸುತ್ತುಗಳು ಒಂದನ್ನೊಂದು ಮುಟ್ಟದಂತೆ ಅವನ್ನು ದೂರದೂರ ಇಡಬೇಕಾಯಿತು; ಆದುದರಿಂದ 18 ಸುತ್ತುಗಳಿಗಿಂತ ಹೆಚ್ಚು ಹಿಡಿಸಲಿಲ್ಲ. ಆದರೂ ಏಳು ಔನ್ಸಿನ ಆ ಕಬ್ಬಿಣ ಒಂಬತ್ತು ಪೌಂಡು ಭಾರವನ್ನು ಎತ್ತಿತು.

ಸಾಗರದಾಚೆ, ಅಮೆರಿಕದ ಆಲ್ಬನಿ ಊರಿನಲ್ಲಿ ಜೋಸೆಫ್ ಹೆನ್ರಿ ಎಂಬ ಮೇಷ್ಟರು ಇದನ್ನು ತಿರುವುಮುರುವು ಮಾಡಿದರು. ಕಬ್ಬಿಣವನ್ನು ಬಿಟ್ಟು ತಂತಿಗೇ ರೇಷ್ಮೆ ಸುತ್ತಿದರು. ಹಾಗೆ ಮಾಡಿದ ಮೇಲೆ ಸುತ್ತುಗಳನ್ನು ಒತ್ತೊತ್ತಾಗಿ, ಒಂದರ ಮೇಲೊಂದು ಪದರವಾಗಿ ಸುತ್ತಬಹುದಾಯಿತು. 1831ರಲ್ಲಿ ಯೇಲ್ ಕಾಲೇಜಿಗೆ ಅವರು ಮಾಡಿಕೊಟ್ಟ ಕಾಂತ 2000 ಪೌಂಡಿಗೂ ಮಿಕ್ಕ ಭಾರವನ್ನು ಎತ್ತಿ ನಿಲ್ಲಿಸಿತು. ರೇಷ್ಮೆಗಾಗಿ ಹೆನ್ರಿ ತಮ್ಮ ಹೆಂಡತಿಯ ಲಂಗಗಳನ್ನು ಹರಿದರೆಂದು ಒಂದು ಕಥೆಯಿದೆ; ಕೇಳಲು ಸೊಗಸು. ಆದರೆ ಅವರು ರೇಷ್ಮೆ ಸುತ್ತತೊಡಗಿದ್ದು 1828ರ ಸುಮಾರಿಗೆ, ಮದುವೆಯಾದದ್ದು 1830ರಲ್ಲಿ. ಕಥೆಗಾರರು ಈ ಲೆಕ್ಕವನ್ನು ಹಾಕಿದಂತಿಲ್ಲ.

ಅದೇ 1831ರ ಆಗಸ್ಟ್ 29ರಂದು ಲಂಡನಿನಲ್ಲಿ ಮೈಕೇಲ್ ಫ್ಯಾರಡೆ ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ. ಆರಂಗುಲ ಅಗಲದ ಕಬ್ಬಿಣದ ಬಳೆಗೆ ತಂತಿ ಸುತ್ತಿ ಮಾಡಿದ ಆ ಉಪಕರಣ ಇಂದಿನ ಎಲ್ಲ ಟ್ರಾನ್ಸ್‌ಫಾರ್ಮರುಗಳಿಗೂ ಮೂಲಪುರುಷ. ಅದರಲ್ಲಿ ಸುತ್ತಿಗೂ ಸುತ್ತಿಗೂ ನಡುವೆ ದಾರ, ಪದರಕ್ಕೂ ಪದರಕ್ಕೂ ನಡುವೆ ಹತ್ತಿಯ ಬಟ್ಟೆ. ಆ ಕಾಲಕ್ಕೆ ವಿದ್ಯುತ್ತನ್ನು ತಡೆಯುವ ವಸ್ತು ಬೇಕೆಂದರೆ ವಿಜ್ಞಾನಿಗಳು ಹೋಗಬೇಕಾದದ್ದು ಜವಳಿ ಅಂಗಡಿಗೆ.

ಬಟ್ಟೆ ದಾರಗಳಿಗೆ ಎರಡು ದೋಷ. ಒಂದು, ತೇವವನ್ನು ಹೀರುತ್ತವೆ. ಎರಡು, ದಪ್ಪ. ಈ ದಪ್ಪದ ವಿಷಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ಅರ್ಥವಾಗುತ್ತದೆ. ತಂತಿಯ ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಭಾಗವಿದೆಯೆಂದೂ, ಅದರ ಸುತ್ತ ಒಂದೊಂದು ಮಗ್ಗುಲಿಗೆ ಅದರ ಕಾಲುಭಾಗದಷ್ಟು ದಾರದ ಹೊದಿಕೆಯಿದೆಯೆಂದೂ ಇಟ್ಟುಕೊಳ್ಳಿ. ಒಟ್ಟು ದಪ್ಪ ಒಂದೂವರೆಯಷ್ಟಾಯಿತು. ಆದರೆ ತಂತಿ ಆಕ್ರಮಿಸುವ ಜಾಗ ಎರಡೂಕಾಲರಷ್ಟಾಯಿತು. ಅಂದರೆ ಸುರುಳಿಯ ಅರ್ಧಕ್ಕಿಂತ ಹೆಚ್ಚು ಬರಿಯ ಬಟ್ಟೆ! ಗಡಿಯಾರದಂಥ ಸಣ್ಣ ಉಪಕರಣಗಳಲ್ಲಿ, ದೂರವಾಣಿಯ ಕಿವಿಗೊಳವೆಯಲ್ಲಿ, ಇದು ನಡೆಯುವ ಮಾತಲ್ಲ. ಲೋಹಕ್ಕೆ ಉಡಿಸುವ ಬಟ್ಟೆ ಹೋಗಿ ಲೋಹಕ್ಕೆ ಬಳಿಯುವ ಲೇಪ ಬರಬೇಕಾಯಿತು.

ಲೇಪಗಳಲ್ಲಿ ಹಿರಿಯದು ನಮ್ಮ ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳ ಮೇಲೆ ಕುಳಿತ ಪುಟ್ಟ ಕೀಟಗಳು ತಮ್ಮ ಮೈಮೇಲೆ ಸುರಿಸಿಕೊಳ್ಳುವ ಅಂಟೇ ಅದು. ಕಾಯಿಸಿ, ಸೋಸಿ, ಹಾಳೆಯಾಗಿ ಎಳೆದು, ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದರೆ ತೆಳ್ಳಗೆ, ನಯವಾಗಿ, ವಿದ್ಯುತ್ತಿಗೆ ದಾರಿಕೊಡದೆ ಕೂರುತ್ತದೆ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ, ಮುದ್ರೆಯ ಅರಗೂ ಅದೇ, ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಇದ್ದದ್ದೂ ಅದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. 1962ರಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನು ಮಾಡುತ್ತ ಬಂದಿರುವುದು ಅದೇ. ಪ್ರಪಂಚಕ್ಕೆಲ್ಲ ಅರಗನ್ನು ಒದಗಿಸಿದ ದೇಶಗಳಲ್ಲಿ ಭಾರತವೇ ಮುಂದು. ವಿದ್ಯುತ್ತಿನ ಕಾರ್ಖಾನೆಗಳು ಬೆಳೆದಂತೆಲ್ಲ ಅರಗಿನ ಬೆಲೆ ಏರಿತು. ಬೆಲ್ಜಿಯಂನಿಂದ ಅಮೆರಿಕಕ್ಕೆ ಹೋಗಿ ನೆಲಸಿದ ಲಿಯೋ ಬೇಕ್‌ಲಂಡ್ ಎಂಬ ರಸಾಯನಶಾಸ್ತ್ರಜ್ಞ ಇದಕ್ಕೆ ಬದಲಿಯನ್ನು ಹುಡುಕಹೊರಟು 1907ರಲ್ಲಿ ಬೇಕಲೈಟನ್ನು ಕಂಡುಹಿಡಿದ. ರೇಡಿಯೋ ಪೆಟ್ಟಿಗೆಗಳು ಎಷ್ಟೋ ವರ್ಷ ಆ ಬೇಕಲೈಟಿನವೇ ಆಗಿದ್ದವು.

ಅರಗಿಗೂ ಒಂದು ದೋಷವುಂಟು. ಅದನ್ನು ನಮ್ಮ ದೇಶದಲ್ಲಿ ಹೇಳಿಕೊಡಬೇಕಾಗಿಲ್ಲ. ಅರಗಿನ ಮನೆಯನ್ನು ಕಟ್ಟಿಸಿದ ದುರ್ಯೋಧನ ಯಾವ ಗುಣವನ್ನು ನೆಚ್ಚಿಕೊಂಡಿದ್ದನೋ, ಅದೇ ಗುಣ ವಿದ್ಯುತ್ ಯಂತ್ರದವರ ತಲೆನೋವು. ಬಿಸಿಗೆ ಅರಗು ಮೆತ್ತಗಾಗುತ್ತದೆ, ಹೆಚ್ಚಾದರೆ ಉರಿದೇಹೋಗುತ್ತದೆ.

20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಎನಾಮಲ್ ತಂತಿ ಬಳಕೆಗೆ ಬಂತು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳಿಂದ ಮಾಡಿದ ಕಪ್ಪು ಲೇಪದಲ್ಲಿ ತಂತಿಯನ್ನು ಅದ್ದಿ, ಎತ್ತರದ ಒಲೆಯ ಮೂಲಕ ಮೇಲಕ್ಕೆಳೆದು, ಮತ್ತೆ ಇಳಿಸಿ ಅದ್ದಿ, ಮತ್ತೆ ಬೇಯಿಸಿ, ಹೀಗೆ ಹಲವು ಸಲ. ಒಂದೇ ಸಲಕ್ಕೆ ದಪ್ಪಗೆ ಬಳಿಯಬಾರದೇ ಎಂದರೆ, ಬಳಿಯಬಾರದು. ದಪ್ಪ ಲೇಪ ಒಣಗುವಾಗ ಗುಳ್ಳೆಯೇಳುತ್ತದೆ, ಒಂದೇ ಕಡೆ ಜಾರಿ ಗಂಟುಕಟ್ಟುತ್ತದೆ. ತೆಳು ಪದರಗಳಾದರೆ, ಒಂದರಲ್ಲಿ ಬಿಟ್ಟುಹೋದ ಸೂಜಿಮೊನೆಯ ತೂತನ್ನು ಇನ್ನೊಂದು ಮುಚ್ಚುತ್ತದೆ. ದೋಸೆಗೂ ಇಡ್ಲಿಗೂ ಹಿಟ್ಟು ಬೇರೆಯಿರುವಂತೆ ಇದರ ಹದವೇ ಬೇರೆ. ಮುಚ್ಚದೆ ಉಳಿದ ತೂತುಗಳನ್ನು ಪತ್ತೆಮಾಡಲು ತಂತಿಯನ್ನು ಪಾದರಸದ ಮೂಲಕ ಎಳೆಯುತ್ತಿದ್ದರು. ಪಾದರಸ ದ್ರವರೂಪದ ಲೋಹವಾದುದರಿಂದ, ಎಲ್ಲಿ ತೂತಿದೆಯೋ ಅಲ್ಲಿ ನುಸುಳಿ ತಂತಿಯನ್ನು ಮುಟ್ಟುವುದು, ವಿದ್ಯುತ್ತು ಹರಿದು ಸೂಚನೆ ಕೊಡುವುದು. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಎಣ್ಣೆಯ ಬದಲು ಸಂಶ್ಲೇಷಿತ ರಾಳದ ಎನಾಮಲನ್ನು ತಂದಿತು. ಅದು ಬಗ್ಗಿಸಿದರೂ ಉಜ್ಜಿದರೂ ಸುಲಭವಾಗಿ ಸುಲಿಯದು. ಇಂದು ನಿಮ್ಮ ಮನೆಯ ಬೀಸಣಿಗೆಯ ಒಳಗಿರುವ ತಂತಿಯ ಮೈಮೇಲಿರುವುದೂ ಈ ವಂಶದ್ದೇ.

ಆದರೆ ವಾಲ್ವಿನ ಒಳಗೆ ಈ ಯಾವುದಕ್ಕೂ ಪ್ರವೇಶವಿರಲಿಲ್ಲ.

ವಾಲ್ವಿನ ಹುಟ್ಟು ನಿಮಗೆ ಗೊತ್ತಿರುವುದೇ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಧ್ರುವಗಳದ್ದನ್ನೂ, 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ಧ್ರುವಗಳದ್ದನ್ನೂ ಮಾಡಿದರು. ಆ ಮೊದಲಿನ ವಾಲ್ವುಗಳಲ್ಲಿ ಕಾಯುವ ತಂತಿಯೇ ಎಲೆಕ್ಟ್ರಾನುಗಳನ್ನೂ ಹೊಮ್ಮಿಸಬೇಕಾಗಿತ್ತು; ಬದನೆಕಾಯನ್ನು ನೇರವಾಗಿ ಕೆಂಡದಲ್ಲಿ ಸುಟ್ಟಂತೆ. ಇಂಥ ತಂತಿಯನ್ನು ಮನೆಯ ವಿದ್ಯುತ್ತಿನಿಂದ ಕಾಯಿಸಿದರೆ, ಸೆಕೆಂಡಿಗೆ 50 ಸಲದ ಆ ಅಲುಗಾಟವೆಲ್ಲ ನೇರವಾಗಿ ದನಿಯೊಳಕ್ಕೆ ಇಳಿಯುತ್ತದೆ. ಆದುದರಿಂದ ರೇಡಿಯೋ ಇಟ್ಟವರೆಲ್ಲ ಬ್ಯಾಟರಿಯನ್ನೂ ಇಡಬೇಕಾಗಿತ್ತು. ತಂತಿ ಕಾಯಿಸಲು ಆಮ್ಲ ತುಂಬಿದ, ಎರಡು ಕೈಯಲ್ಲಿ ಹಿಡಿದು ಹೊರಬೇಕಾದ ಒಂದು ಬ್ಯಾಟರಿ. ಅದನ್ನು ಆಗಾಗ ಅಂಗಡಿಗೆ ಹೊತ್ತು ಛಾರ್ಜಿಗೆ ಕೊಡಬೇಕು. ಜತೆಗೆ ಹೆಚ್ಚು ವೋಲ್ಟಿನ ಇನ್ನೊಂದು. ಆಮ್ಲ ಚೆಲ್ಲಿ ಜಮಖಾನ ತೂತಾದ ಮನೆಗಳೆಷ್ಟೋ! ವಿದ್ಯುದ್ದೀಪ ಬಂದ ಪಟ್ಟಣದಲ್ಲೂ ರೇಡಿಯೋ ಮಾತ್ರ ಬ್ಯಾಟರಿಯ ಹಂಗಿನಲ್ಲಿಯೇ ಇತ್ತು.

ಪರಿಹಾರ ಹೇಳುವುದಕ್ಕೆ ಸುಲಭ: ಕೆಂಡ ಬೇರೆ, ಪಾತ್ರೆ ಬೇರೆ ಇರಲಿ. ತಂತಿ ಕಾಯಿಸುವ ಕೆಲಸವನ್ನು ಮಾತ್ರ ಮಾಡಲಿ. ಅದರ ಸುತ್ತ ಒಂದು ಕೊಳವೆಯಿದ್ದು ಅದು ಎಲೆಕ್ಟ್ರಾನುಗಳನ್ನು ಕೊಡಲಿ. ಅಮೆರಿಕದ ಫ್ರೆಡರಿಕ್ ಮೆಕಲ್ಲೋ ಇಂಥ ವಾಲ್ವುಗಳನ್ನು ಮಾಡಿದ. ಆತನಿಂದ ಹಕ್ಕನ್ನು ಕೊಂಡ ಕೆನಡದ ಟೊರಾಂಟೋ ನಗರದ ಎಡ್ವರ್ಡ್ ರಾಜರ್ಸ್ ಎಂಬ ತರುಣ 1925ರಲ್ಲಿ ಬ್ಯಾಟರಿಯಿಲ್ಲದ ರೇಡಿಯೋವನ್ನು ಮಾರುಕಟ್ಟೆಗೆ ತಂದ. 1927ರಲ್ಲಿ ಆತ ಆರಂಭಿಸಿದ ಬಾನುಲಿ ಕೇಂದ್ರದ ಹೆಸರಿನ ಅಕ್ಷರಗಳಲ್ಲಿಯೇ ‘ಬ್ಯಾಟರಿಯಿಲ್ಲದ’ ಎಂಬುದನ್ನು ಸೂಚಿಸುವ ಅಕ್ಷರವನ್ನು ಸೇರಿಸಿಕೊಂಡ. ಅದು ಎಷ್ಟು ದೊಡ್ಡ ಸಂಗತಿಯಾಗಿತ್ತೆಂಬುದಕ್ಕೆ ಇಷ್ಟು ಸಾಕು. ಅದೇ 1927ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ 227 ಎಂಬ ವಾಲ್ವೂ ಹೊರಬಂತು. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸುವ ವೇಳೆಗೆ ಮನೆಯ ವಿದ್ಯುತ್ತಿನಿಂದ ನಡೆಯುವ ರೇಡಿಯೋಗಳು ಪ್ರಪಂಚದಲ್ಲಿ ಸಾಮಾನ್ಯವಾಗಿದ್ದವು.

ಆದರೆ ಕೆಂಡಕ್ಕೂ ಪಾತ್ರೆಗೂ ನಡುವೆ ಏನನ್ನು ಇಡಬೇಕು? ಹೀಟರಿನ ಬಿಸಿ 1200 ಡಿಗ್ರಿಯ ಆಸುಪಾಸು. ಹತ್ತಿ, ರೇಷ್ಮೆ, ಅರಗು, ಬೇಕಲೈಟು ಎಲ್ಲ ಬೂದಿ. ಅದೂ ಅಲ್ಲದೆ ವಾಲ್ವಿನೊಳಗೆ ಗಾಳಿಯಿಲ್ಲ. ಕಾದಾಗ ಹೊದಿಕೆ ಸ್ವಲ್ಪ ಅನಿಲವನ್ನು ಬಿಟ್ಟರೂ ವಾಲ್ವು ಕೆಡುತ್ತದೆ. ಮೊದಮೊದಲು ಪಿಂಗಾಣಿಯಂಥ ವಸ್ತುವಿನ ಕಡ್ಡಿಯಲ್ಲಿ ಎರಡು ರಂಧ್ರ ಕೊರೆದು, ತಂತಿಯನ್ನು ಒಂದರಲ್ಲಿ ಹೋಗಿಸಿ ಇನ್ನೊಂದರಲ್ಲಿ ಬರಿಸಿದರು. ಕೆಲಸ ನಡೆಯಿತು, ಆದರೆ ಆ ಕಡ್ಡಿ ಕಾಯುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ನಾವು ಬೇಸರಪಟ್ಟುಕೊಂಡ ಅರ್ಧ ನಿಮಿಷ ಅದರ ಮುಂದೆ ಏನೂ ಅಲ್ಲ. ಕಡ್ಡಿಯನ್ನು ಕೈಬಿಟ್ಟು ತಂತಿಗೇ ತೆಳುವಾಗಿ ಲೇಪ ಕೊಟ್ಟರೆ ಬೇಗ ಕಾಯುತ್ತದೆ, ಕಡಮೆ ವಿದ್ಯುತ್ತಿನಲ್ಲಿ ಕಾಯುತ್ತದೆ. ಆ ಲೇಪಕ್ಕೆ ಒದಗಿದ್ದು ಅಲ್ಯೂಮಿನ, ಎಂದರೆ ಅಲ್ಯೂಮಿನಿಯಂ ಲೋಹದ ಆಕ್ಸೈಡು. ಅದು ಕರಗಬೇಕಾದರೆ 2000 ಡಿಗ್ರಿಗೂ ಮೇಲೆ ಬಿಸಿ ಬೇಕು. ಈ ವಸ್ತು ನಮಗೆ ಹೊಸದಲ್ಲ. ಕೆಂಪು, ನೀಲ ಎಂಬ ರತ್ನಗಳೆರಡೂ ಅಲ್ಯೂಮಿನವೇ. ಬೆರಕೆಯ ಒಂದಿಷ್ಟು ಲೋಹದಿಂದ ಅವಕ್ಕೆ ಬಣ್ಣ ಬಂದಿದೆ ಅಷ್ಟೆ. ಅಜ್ಜಿಯ ಬೆಂಡೋಲೆಯ ಕೆಂಪಿಗೂ ಅವರು ಕಿವಿಗೊಟ್ಟ ರೇಡಿಯೋದ ಹೀಟರಿನ ಹೊದಿಕೆಗೂ ಜಾತಿ ಒಂದೇ.

ಈಗ ಕಷ್ಟದ ಭಾಗ. ಕೂದಲಿನಂಥ ತಂತಿಗೆ ಬಿಳಿಯ ಪುಡಿಯನ್ನು ಸಮನಾಗಿ ಹತ್ತಿಸುವುದು ಹೇಗೆ? ನೇರ ತಂತಿಗೆ ಹಚ್ಚಿ ಆಮೇಲೆ ಮಡಿಸಿದರೆ ಬಾಗುವಲ್ಲಿ ಬಿರುಕು. ಮಡಿಸಿ ಆಮೇಲೆ ಪಿಚಕಾರಿಯಿಂದ ಸಿಂಪಡಿಸಿದರೆ ಎದುರಿನ ಮೈಗೆ ದಪ್ಪ, ಹಿಂದಿನ ಮೈಗೆ ತೆಳು. ಸ್ಪ್ರಿಂಗಿನಂತೆ ಸುರುಳಿಯಾದ ಹೀಟರಾದರೆ ಸುರುಳಿಯ ಒಳಮೈಗೆ ಪುಡಿ ಸೇರುವುದೇ ಇಲ್ಲ. ಆ ಸುರುಳಿಯನ್ನು ಮಾಡುವುದೂ ಒಂದು ಜಾಣತನವೇ: ಮಾಲಿಬ್ಡಿನಂ ತಂತಿಯ ಮೇಲೆ ಟಂಗ್‌ಸ್ಟನ್ನನ್ನು ಸುತ್ತಿ, ಆಮ್ಲದಲ್ಲಿ ಅದ್ದಿದರೆ, ಒಳಗಿನ ಮಾಲಿಬ್ಡಿನಂ ಕರಗಿ ಹೋಗಿ ಸುರುಳಿ ಉಳಿಯುತ್ತದೆ.

ಇದಕ್ಕೆ ಉಪಾಯ ದೊರೆತದ್ದು ನೂರಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಪ್ರಯೋಗದಲ್ಲಿ. 1808ರಲ್ಲಿ ಮಾಸ್ಕೋ ನಗರದಲ್ಲಿ ರೂಸ್ ಎಂಬ ಪ್ರಾಧ್ಯಾಪಕ ಒದ್ದೆ ಜೇಡಿಮಣ್ಣಿನ ಮುದ್ದೆಯಲ್ಲಿ ಎರಡು ಗಾಜಿನ ಕೊಳವೆಗಳನ್ನು ನೆಟ್ಟು, ನೀರು ತುಂಬಿ, ಒಂದೊಂದರಲ್ಲಿ ಬ್ಯಾಟರಿಯ ಒಂದೊಂದು ತುದಿಯನ್ನು ಇಳಿಬಿಟ್ಟ. ಧನಧ್ರುವವಿದ್ದ ಕೊಳವೆಯ ನೀರು ಮೆಲ್ಲಮೆಲ್ಲಗೆ ಕದಡಿತು. ಮಣ್ಣಿನ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ನೀರಿನಲ್ಲಿ ನಡೆಯುತ್ತವೆಂಬುದು ಹೀಗೆ ತಿಳಿಯಿತು. ಆಗ ಇದರಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಿದ್ದರೆ ರೂಸ್ ಏನು ಹೇಳುತ್ತಿದ್ದನೋ!

ವಾಲ್ವಿನ ಕಾರ್ಖಾನೆಯವರು ಮಾಡಿದ್ದು ಇಷ್ಟು. ನಯವಾಗಿ ಅರೆದ ಅಲ್ಯೂಮಿನದ ಪುಡಿಯನ್ನು ಆಲ್ಕೊಹಾಲಿನಂಥ ದ್ರವದಲ್ಲಿ ಕದಡಿ, ಅಲ್ಯೂಮಿನಿಯಂ ನೈಟ್ರೇಟಿನಂಥ ಲವಣವನ್ನು ಚಿಟಿಕೆಯಷ್ಟು ಸೇರಿಸಿ ಕಣಗಳಿಗೆ ಧನವಿದ್ಯುತ್ತು ಬರುವಂತೆ ಮಾಡಿದರು. ಸುರುಳಿಯನ್ನು ಅದರಲ್ಲಿ ಅದ್ದಿ ಋಣಧ್ರುವಕ್ಕೆ ಕೂಡಿಸಿದರು. ಕೆಲವೇ ಸೆಕೆಂಡುಗಳು, ಸುರುಳಿ ಬೆಳ್ಳಗಾಗಿ ಮೇಲೆ ಬಂತು. ಇದರ ಸೊಗಸು ಎಲ್ಲಿದೆಯೆಂದರೆ, ಲೇಪ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಒಂದು ಕಡೆ ಪುಡಿ ಕೂತೊಡನೆ ಅಲ್ಲಿ ವಿದ್ಯುತ್ತಿಗೆ ದಾರಿ ಕಷ್ಟವಾಗುತ್ತದೆ. ಮುಂದಿನ ಕಣಗಳು ಇನ್ನೂ ಬರಿದಾಗಿರುವ ಲೋಹವನ್ನು ಹುಡುಕಿಕೊಂಡು ಹೋಗುತ್ತವೆ. ಹಿಂದಿನ ಮೈಗೂ ಸುರುಳಿಯ ಒಳಮೈಗೂ ತಾವಾಗಿ ಸೇರುತ್ತವೆ. ಪಂಕ್ತಿಯಲ್ಲಿ ಬಡಿಸುವವನು ಯಾರ ಎಲೆ ಬರಿದಾಗಿದೆಯೆಂದು ನೋಡಿ ನೋಡಿ ಬಡಿಸಿದಂತೆ. ಬೆಸುಗೆಗಾಗಿ ಎರಡು ತುದಿಗಳನ್ನು ಮಾತ್ರ ಬರಿದಾಗಿ ಬಿಟ್ಟು, ಹೈಡ್ರೊಜನ್ ಅನಿಲದ ಒಲೆಯಲ್ಲಿ 1600 ಡಿಗ್ರಿಗೂ ಮೇಲೆ ಸುಟ್ಟರೆ ಪುಡಿಯೆಲ್ಲ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಹೈಡ್ರೊಜನ್ ಏಕೆಂದರೆ, ಗಾಳಿಯಲ್ಲಿ ಸುಟ್ಟರೆ ಟಂಗ್‌ಸ್ಟನ್ನೇ ಉರಿದುಹೋಗುತ್ತದೆ.

ಹಾಲೆಂಡಿನ ಐಂಡ್‌ಹೋವನ್ ಊರಿನಲ್ಲಿದ್ದ ಫಿಲಿಪ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಡಿ ಬೂರ್, ಹಾಮಾಕರ್, ವರ್‌ವೇ ಎಂಬ ವಿಜ್ಞಾನಿಗಳು ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದರು. ಎಷ್ಟು ವೋಲ್ಟಿಗೆ, ಎಷ್ಟು ಹೊತ್ತಿಗೆ, ಎಷ್ಟು ಪುಡಿ ಕೂರುತ್ತದೆಂಬ ನಿಯಮವನ್ನು ಹಾಮಾಕರ್ 1940ರಲ್ಲಿ ಪ್ರಕಟಿಸಿದ. ದ್ರವದಲ್ಲಿ ಕಣಗಳು ಏಕೆ ತೇಲುತ್ತವೆ, ಏಕೆ ಮುದ್ದೆಗಟ್ಟುತ್ತವೆ ಎಂಬ ವಿಚಾರವನ್ನು ವರ್‌ವೇ ಮುಂದುವರಿಸಿದ; ಓವರ್‌ಬೇಕ್ ಎಂಬಾತನೊಡನೆ 1948ರಲ್ಲಿ ಆತ ಪ್ರಕಟಿಸಿದ ಗ್ರಂಥ ಕಲಿಲಗಳ ಶಾಸ್ತ್ರಕ್ಕೆ ಇಂದಿಗೂ ಆಧಾರ. ಯುದ್ಧ ಕಾಲದಲ್ಲಿ ಹಾಲೆಂಡು ಜರ್ಮನರ ವಶದಲ್ಲಿದ್ದಾಗಲೂ ಈ ಚಿಂತನೆ ನಿಂತಿರಲಿಲ್ಲ. 1960ರ ದಶಕದಲ್ಲಿ ಇದೇ ಉಪಾಯ ಮೋಟಾರು ಕಾರುಗಳಿಗೆ ಬಣ್ಣ ಕೊಡುವುದಕ್ಕೂ ಬಂತು.

ಹೊದಿಕೆಯ ಮೇಲೆ ಬೀಳುತ್ತಿದ್ದ ಭಾರ ಎಲ್ಲ ವಾಲ್ವಿನಲ್ಲೂ ಒಂದೇ ಅಲ್ಲ. ಇಝಡ್ 80 ಎಂಬ ರೆಕ್ಟಿಫೈಯರ್ ವಾಲ್ವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರ ಹೀಟರಿಗೆ ಕೊಡುವುದು ಬರಿಯ 6.3 ವೋಲ್ಟ್, ಆದರೆ ಅದರ ಕ್ಯಾಥೋಡಿನಲ್ಲಿರುವುದು ನೂರಾರು ವೋಲ್ಟ್. ಕೆಂಪಗೆ ಕಾದಿರುವಾಗಲೂ 500 ವೋಲ್ಟಿನವರೆಗೆ ತಡೆಯಬೇಕೆಂದು ಅದರ ಹೊದಿಕೆಗೆ ನಿಯಮ. ಇನ್ನು ಹೆಸರು ‘ಯು’ ಅಕ್ಷರದಿಂದ ಶುರುವಾಗುವ ವಾಲ್ವುಗಳ ಸೆಟ್ಟುಗಳಲ್ಲಿ ಎಲ್ಲ ಹೀಟರುಗಳನ್ನೂ ಹಾರದಂತೆ ಒಂದರ ಹಿಂದೊಂದು ಪೋಣಿಸಿರುತ್ತಿದ್ದರು. ಐದು ವಾಲ್ವಿನ ಸಾಮಾನ್ಯ ಸೆಟ್ಟಿನಲ್ಲಿ ಅವುಗಳ ಮೊತ್ತ ಸುಮಾರು 130 ವೋಲ್ಟ್. ಹಾರದ ತುದಿಯ ವಾಲ್ವಿನ ಹೊದಿಕೆಗೆ ಹೆಚ್ಚು ಭಾರ, ನೆಲದ ಕಡೆಯದಕ್ಕೆ ಕಡಮೆ. ಅದಕ್ಕಾಗಿಯೇ ದನಿಯನ್ನು ಮೊದಲು ಹಿಡಿಯುವ ಸೂಕ್ಷ್ಮವಾದ ವಾಲ್ವನ್ನು ನೆಲದ ತುದಿಗೆ ಇಡುತ್ತಿದ್ದರು. ಸೋರಿದರೂ ಅಲ್ಲಿ ಸೋರುವುದು ಅತ್ಯಲ್ಪ. ಅಪಾಯವೊಂದೇ: ಈ ಜಾತಿಯ ಸೆಟ್ಟುಗಳ ಒಳಗಿನ ಲೋಹದ ತಟ್ಟೆಗೆ ಮನೆಯ ವಿದ್ಯುತ್ತು ನೇರವಾಗಿ ಬಂದಿರುತ್ತದೆ. ಅಂಥದು ಮನೆಯಲ್ಲಿದ್ದರೆ ಹಿಂಬದಿಯ ಹಲಗೆಗೆ ಕೈಹಚ್ಚಬೇಡಿ.

ಇಷ್ಟು ಸೂಕ್ಷ್ಮವಾದ ಭಾಗಗಳನ್ನು ಕೂಡಿಸುತ್ತಿದ್ದವರು ಯಾರು? ಪ್ರಪಂಚದ ವಾಲ್ವು ಕಾರ್ಖಾನೆಗಳಲ್ಲೆಲ್ಲ ಬಹುಪಾಲು ಹೆಂಗಸರು. ಬೆಳ್ಳನೆಯ ಆ ಹೀಟರನ್ನು ಚಿಮುಟದಲ್ಲಿ ಹಿಡಿದು, ಹೊದಿಕೆ ತರಚದ ಹಾಗೆ ಕೊಳವೆಗೆ ತೂರಿಸಿ, ತುದಿಗಳನ್ನು ಬೆಸೆಯಬೇಕು. ಒಂದು ತರಚು, ಎಲ್ಲೋ ಒಂದು ಮನೆಯಲ್ಲಿ ಒಂದು ಗುಂಯ್‌ಗಾಟ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ಮಾಡತೊಡಗಿತು. ಅದುವರೆಗೆ ವಿದೇಶಗಳಿಂದ ಬರುತ್ತಿದ್ದ ವಸ್ತು ನಮ್ಮ ಊರಿನಲ್ಲೇ ಆಗತೊಡಗಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ತಯಾರಿಕೆಯೂ ಶುರುವಾಯಿತೆಂಬುದನ್ನು ಗಮನಿಸಬೇಕು. ವಾಲ್ವನ್ನು ಬರಮಾಡಿಕೊಂಡ ಮನೆಯಲ್ಲೇ ಅದನ್ನು ಕಳಿಸಿಕೊಡುವ ಸಿದ್ಧತೆ ನಡೆದಿತ್ತು.

ಟ್ರಾನ್ಸಿಸ್ಟರಿಗೆ ಹೀಟರಿಲ್ಲ, ಕಾಯುವುದೂ ಇಲ್ಲ. ಗುಂಡಿ ತಿರುಗಿಸಿದೊಡನೆ ಹಾಡು. ಹಾಗೆಂದು ಹೊದಿಕೆ ತಪ್ಪಲಿಲ್ಲ. 1959ರಲ್ಲಿ ಜೀನ್ ಹೋರ್ನಿ ಎಂಬ ವಿಜ್ಞಾನಿ ಸಿಲಿಕಾನ್ ತುಣುಕಿನ ಮೇಲೆ ಬೆಳೆಯುವ ಆಕ್ಸೈಡಿನ ಪದರವನ್ನು ತೆಗೆಯದೆ ಹಾಗೆಯೇ ಹೊದಿಕೆಯಾಗಿ ಉಳಿಸಿಕೊಂಡ. ಇಂದಿನ ಎಲ್ಲ ಸೂಕ್ಷ್ಮ ಮಂಡಲಗಳೂ ಆ ವಿಧಾನದ ಮಕ್ಕಳು. ಆ ಕಥೆ ದೊಡ್ಡದು, ಇಲ್ಲಿ ಬೇಡ.

ಮನೆಯ ಅಟ್ಟದ ಮೇಲೆ ವಾಲ್ವಿನ ಹಳೆಯ ರೇಡಿಯೋವಿದ್ದವರಿಗೆ ಒಂದು ಮಾತು. ಅದರಲ್ಲಿ ಅಲ್ಯೂಮಿನದ ಹೊದಿಕೆ ಇನ್ನೊಂದು ಕಡೆಯೂ ಉಂಟು: ಹೀಟರಿನ ಮೇಲಿರುವುದಲ್ಲದೆ, ಫಿಲ್ಟರ್ ಕಂಡೆನ್ಸರಿನ ಒಳಗಿನ ಅಲ್ಯೂಮಿನಿಯಂ ಹಾಳೆಯ ಮೇಲೆ. ವಸ್ತು ಒಂದೇ; ಆದರೆ ಇದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು, ವಿದ್ಯುತ್ತೇ ಅದನ್ನು ಬೆಳೆಸಿದ್ದು, ವಿದ್ಯುತ್ತೇ ಅದನ್ನು ಕಾಪಾಡುವುದು. ವರ್ಷಗಟ್ಟಲೆ ಉಪವಾಸ ಕೆಡವಿದರೆ ಅದು ಸವೆಯುತ್ತದೆ. ಅಂಥ ಸೆಟ್ಟನ್ನು ಧೂಳೊರಸಿ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದರೆ ಕಂಡೆನ್ಸರು ಸಿಡಿಯಬಹುದು, ಅದರ ಜತೆಗೆ ರೆಕ್ಟಿಫೈಯರೂ ಟ್ರಾನ್ಸ್‌ಫಾರ್ಮರೂ ಹೋಗಬಹುದು. ತಿಳಿದವರ ಕೈಗೆ ಕೊಟ್ಟು ಸ್ವಲ್ಪ ಸ್ವಲ್ಪವಾಗಿ ವೋಲ್ಟನ್ನು ಏರಿಸಿದರೆ ಪದರ ಮತ್ತೆ ಬೆಳೆದುಕೊಳ್ಳುವುದೂ ಉಂಟು. ಇಲ್ಲವಾದರೆ ಹೊಸದನ್ನು ಹಾಕಿಸಬೇಕು.

1965ರಲ್ಲಿ ಆ ಮುದುಕರು ಕಿತ್ತು ನನ್ನ ಕೈಗೆ ಕೊಟ್ಟ ವಾಲ್ವು ಬಹಳ ಕಾಲ ನನ್ನ ಮೇಜಿನ ಸೆಳೆಪೆಟ್ಟಿಗೆಯಲ್ಲಿತ್ತು. ಈಚೆಗೆ ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಒಡೆದು, ಕನ್ನಡಕ ಹಾಕಿಕೊಂಡು ಚಿಮುಟದಿಂದ ಬಿಡಿಸಿದೆ. ನಿಕಲ್ ಕೊಳವೆಯೊಳಗಿಂದ ಮಲ್ಲಿಗೆಯ ತೊಟ್ಟಿನಂಥ ಹೀಟರ್ ಜಾರಿ ಕಾಗದದ ಮೇಲೆ ಬಿತ್ತು. ಬೆಳ್ಳಗೆ, ಸುಣ್ಣ ಬಳಿದ ಗೋಡೆಯಂತಿತ್ತು. ಭೂತಗನ್ನಡಿ ಹಿಡಿದಾಗ, ತಂತಿ ಮಡಿಸಿಕೊಂಡಿರುವ ಮೇಲ್ತುದಿಯಲ್ಲಿ, ಎಳ್ಳಿನ ಮೊನೆಯಷ್ಟು ಜಾಗದಲ್ಲಿ ಬಿಳುಪು ಉದುರಿ ಒಳಗಿನ ಕಪ್ಪು ಕಾಣುತ್ತಿತ್ತು.